ರೆಕ್ಕೆಯಿಲ್ಲದ ಕಣಜದ ಜೋಡಿ

"ಅಲ್ಲಾಡ್ಬೇಡಿ."

ಬೆನ್ನ ಹಿಂದಿನ ದನಿಗೆ ಅವಳು ತಿರುಗುವಷ್ಟರಲ್ಲೇ ತಲೆಯ ಮೇಲೆ ಬಿಳಿಯ ಬಲೆ ಬಿತ್ತು! ಸುತ್ತ ಎದೆಯೆತ್ತರದ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಕುರುಚಲು ಮರ, ನೆತ್ತಿ ಸುಡುವ ಬಿಸಿಲು... ನಡುವೆ ಬಲೆಯೊಳಗೆ ಇವಳು.

"ಸಾರಿ, ನಿಮ್ಮ ಜಡೆ ಮೇಲೆ ಒಂದು ಕಣಜದ ಹುಳ ಕೂತಿತ್ತು. ತುಂಬಾ ಅಪರೂಪದ್ದು."

"ನನ್ನ ತಲೆ ಏನು ಬಿಟ್ಟಿ ಸಿಕ್ಕಿದ್ದಾ?"

ಅವನು ನಕ್ಕುಬಿಟ್ಟ. ಹಾಳಾದವನು, ನಕ್ಕರೆ ಎಷ್ಟು ಚೆಂದ ಕಾಣ್ತಾನೆ... ಎಂದುಕೊಳ್ಳುತ್ತಲೇ ಅವಳು ಮುಖ ಊದಿಸಿಕೊಂಡಳು.

ಇಬ್ಬರದೂ ಒಂದೇ ಕೆಲಸ. ಆ ಹುಲ್ಲುಗಾಡಿನಲ್ಲಿ ಎಷ್ಟು ಬಗೆಯ ಪರಾವಲಂಬಿ ಕಣಜಗಳಿವೆ ಎಂದು ಹುಡುಕುವುದು. ಬೇರೆ ಹುಳುಗಳ ಗೂಡಿಗೆ ನುಗ್ಗಿ ಮೊಟ್ಟೆಯಿಟ್ಟು, ಆ ಮನೆಯ ಮರಿಯನ್ನೇ ತಿಂದು ಬೆಳೆಯುವ ಕಿಲಾಡಿಗಳವು. ಹೊಸದಾಗಿ ಬಂದ ಅವನು ಹಾರುವುದನ್ನು ಹಿಡಿಯುವವನು, ಅವಳು ನೆಲ ನೋಡುವವಳು. ಅವಳಿಗೆ ಸಿಕ್ಕಿದ್ದ ಕೆಂಪು ಕಣಜಕ್ಕೆ ರೆಕ್ಕೆಯೇ ಇಲ್ಲ, ಥೇಟ್ ಇರುವೆ! ಹಾಗಾಗಿ ಲ್ಯಾಬಿನಲ್ಲಿ ಅವಳಿಗೂ 'ಇರುವೆ' ಎಂದೇ ಹೆಸರು.

ಅದು ಹೊಸ ಜಾತಿ ಎಂದು ಸಾಬೀತಾದರೆ ಹೆಸರಿಡುವ ಹಕ್ಕು ಅವಳದು. ಅವಳ ಬದುಕಿನ ಮೊದಲ ಶೋಧ! ಅದಕ್ಕಾಗಿ ಅವಳು ಮಂಡಿ ಸವೆಸಿದ್ದಳು.

ಬರಬರುತ್ತಾ ಒಂದೇ ಮೈಕ್ರೋಸ್ಕೋಪಿನ ಮುಂದೆ ಇಬ್ಬರ ಹಣೆ ಡಿಕ್ಕಿ ಹೊಡೆಯತೊಡಗಿತು.

"ಹುಳ ನೋಡೋಕೆ ಹೋಗೋಳಿಗೆ ಇಷ್ಟೊತ್ತು ಕನ್ನಡಿ ಯಾಕೆ?" ಎಂದು ಮನೆಯಲ್ಲಿ ಅಕ್ಕ ಕಾಲೆಳೆದಳು.

ಆಮೇಲೆ ಆ ಬೆಳಗ್ಗೆ... ಅವನ ಗಾಜಿನ ಪೆಟ್ಟಿಗೆಯಲ್ಲಿ, ಅವನು ಹೊಸ ಜಾತಿ ಎನ್ನುತ್ತಿದ್ದ ಕಪ್ಪು ಕಣಜದ ಪಕ್ಕ, ಅವಳ ಕೆಂಪು ಕಣಜ!

"ನನ್ನದನ್ನ ಕದ್ರಾ?" ಅವಳು ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡಳು.

"ನಿಮ್ಮದಲ್ಲ. ನಿನ್ನೆ ನನ್ನ ಬಲೆಗೆ ಬಿದ್ದಿದ್ದು. ಗಾಳಿಯಲ್ಲಿ."

"ರೆಕ್ಕೆ ಇಲ್ಲದ್ದು ಗಾಳಿಯಲ್ಲಿ ಸಿಗುತ್ತಾ? ಯಾರ ಕಿವಿಗೆ ಹೂ ಇಡ್ತೀರಿ?"

"ನನಗೂ ಅದೇ ತಲೆಕೆಟ್ಟು ಹೋಗಿದೆ. ನೀವೇ ಬಂದು ನೋಡಿ."

ಇವನನ್ನು ಇಷ್ಟಪಟ್ಟೆನಲ್ಲಾ ಎಂದು ಒಳಗೊಳಗೇ ಕುದಿಯುತ್ತಾ ಅವಳು ಅವನ ಹಿಂದೆ ನಡೆದಳು.

ಇಬ್ಬರೂ ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಬಹಳ ಹೊತ್ತಿನ ಮೇಲೆ ಕೆಂಪು ಕಣಜವೊಂದು ಹುಲ್ಲಿನ ಎಸಳು ಹತ್ತಿ ನಿಂತಿತು. ಎಲ್ಲಿಂದಲೋ ಕಪ್ಪು ಕಣಜ ಬರ್ರನೆ ಬಂತು. ಅದು ಕೆಂಪಿನದನ್ನು ಅಪ್ಪಿ ಹಿಡಿದು, ಎತ್ತಿಕೊಂಡು, ಹಾರಿಯೇಬಿಟ್ಟಿತು!

"ಅಯ್ಯೋ... ಇದು ಬೇಟೆ ಅಲ್ಲ, ಕೂಡೋಕೆ ಹೊತ್ಕೊಂಡು ಹೋಗ್ತಿದೆ. ಇವೆರಡೂ ಒಂದೇ ಜಾತಿ! ನಿಮ್ಮದು ಗಂಡು, ನನ್ನದು ಹೆಣ್ಣು!" ಅವಳು ಅವನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಅಂದ್ರೆ ಇಷ್ಟು ದಿನ ಗಂಡ ಹೆಂಡತಿನ ಬೇರೆ ಬೇರೆ ಮನೇಲಿ ಇಟ್ಟಿದ್ವಿ."

ಅವಳಿಗೆ ನಗು ಬಂತು, ಜೊತೆಗೇ ಕಣ್ಣೀರೂ. ಎರಡು ಹೊಸ ಜಾತಿ ಈಗ ಒಂದು... ಹೆಸರಿಡುವ ಹಕ್ಕು?

ಅವಳ ಮುಖ ನೋಡಿದವನೇ ಅವನು ಮೆಲ್ಲಗೆ ಹೇಳಿದ, "ಮೊದಲು ಹುಡುಕಿದ್ದು ನೀವು. ಹೆಸರು ನೀವೇ ಇಡಬೇಕು. ನನ್ನ ಹಕ್ಕು ಬಿಟ್ಟುಬಿಟ್ಟೆ."

"ಕಳ್ಳ ಅಂದೆನಲ್ಲಾ ನಿಮ್ಮನ್ನ... ಆದ್ರೂ?"

"ನೀವು ಬೈದ್ರೂ ಪಕ್ಕದಲ್ಲೇ ಇರೋಣ ಅನ್ಸುತ್ತೆ. ಏನ್ಮಾಡ್ಲಿ, ನಿಮ್ಮನ್ನ ಅಷ್ಟು ಹಚ್ಕೊಂಡ್ಬಿಟ್ಟಿದೀನಿ."

ಅವಳು ಹಿಡಿದ ತೋಳು ಬಿಡಲಿಲ್ಲ. "ನನಗೂ ಹಾಗೇನೇ... ಹೆಸರು ಇಬ್ರೂ ಕೂತು ಇಡೋಣ."

"ಇವತ್ತೇ ಮುಗಿಸ್ಬೇಕಾ?"

"ಬೇಡ... ನಿಧಾನಕ್ಕೆ. ಎಷ್ಟು ವರ್ಷ ಆದ್ರೂ ಸರಿ."