ಮೊದಲನೆಯ ಟ್ಯೂಬು

ಆ ಹುಡುಗಿಗೆ ಕೈ ತೊಳೆಯುವುದನ್ನು ಕಲಿಸಿದವಳೇ ತಾನು. ಅದನ್ನು ನೆನೆದಾಗಲೆಲ್ಲ ಜಲಜಾಳ ಹೊಟ್ಟೆ ಉರಿಯುತ್ತಿತ್ತು. ಚೆನ್ನೈಯ ಅಂಬತ್ತೂರಿನ ಈ ಕಾರ್ಖಾನೆಗೆ ಬಂದ ಹೊಸದರಲ್ಲಿ ಶ್ರೀಯಾ ಉಗುರಿಗೆ ಗುಲಾಬಿ ಬಣ್ಣ ಹಚ್ಚಿಕೊಂಡಿದ್ದಳು. ಬೇಯಿಸಿದ ಕೋಳಿಮಾಂಸವನ್ನು ತೆಳ್ಳಗೆ ಕೊಯ್ದು, ಪ್ಯಾಕೆಟ್ಟಿಗೆ ತುಂಬಿ ಸೀಲು ಮಾಡಿ ಅಂಗಡಿಗಳಿಗೆ ಕಳಿಸುವ ಜಾಗ ಅದು. ಬಣ್ಣ ತೆಗೆಸಿದ್ದು, ಮೊಣಕೈವರೆಗೆ ಸೋಪು ಹಚ್ಚಿಸಿದ್ದು, ಬೆರಳಸಂದಿ ಉಜ್ಜಿಸಿದ್ದು, ಎಲ್ಲ ಜಲಜಾಳೇ. ಈಗ ಜಲಜಾ ಕೂತಿದ್ದ ಗುಣಮಟ್ಟ ವಿಭಾಗದ ಕುರ್ಚಿ ಆ ಹುಡುಗಿಗೆ. ಜಲಜಾಳಿಗೆ ತಿಂಗಳ ಕೊನೆಗೆ ಬೀಳ್ಕೊಡುಗೆಯ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ.

"ಹೊಸ ಗಿರಾಕಿ ಹೊರದೇಶದವರು. ಡಿಗ್ರಿ ಇರೋರೇ ಬೇಕು ಅಂತಾರೆ, ಜಲಜಾ ಅವರೇ. ನಂದೇನೂ ನಡೆಯಲ್ಲ" ಎಂದಿದ್ದ ಮ್ಯಾನೇಜರ್ ಗಿರಿಧರ್, ಕಣ್ಣು ತಪ್ಪಿಸಿ.

ಕುರ್ಚಿ ಹೋದರೆ ಹೋಗಲಿ. ಕುರ್ಚಿಯ ಜೊತೆ ಕಂಪನಿಯ ಇನ್ಶೂರೆನ್ಸ್ ಕಾರ್ಡೂ ಹೋಗುತ್ತಿತ್ತು. ಅವಳ ಗಂಡ ಕಮಲಾಕರ ಪ್ಯಾರೀಸ್ ಕಾರ್ನರಿನ ಸಗಟು ಕಾಗದದಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಮೂತ್ರಪಿಂಡ ಕೈಕೊಟ್ಟ ಮೇಲೆ ಎಗ್ಮೋರಿನ ಆಸ್ಪತ್ರೆಯ ಡಯಾಲಿಸಿಸ್ ಕುರ್ಚಿಯನ್ನೇ 'ನನ್ನ ಆಫೀಸು' ಎನ್ನುತ್ತಿದ್ದ. ಆ ಕಾರ್ಡು ತೋರಿಸಿದರಷ್ಟೇ ಅಲ್ಲಿ ಅವನಿಗೆ ಜಾಗ. ಈ ವಯಸ್ಸಿನಲ್ಲಿ ಬೇರೆ ಕೆಲಸ ಕೊಡುವವರು ಯಾರು? ಕೊಟ್ಟರೂ, ಇರುವ ಕಾಯಿಲೆಗೆ ಹೊಸ ಇನ್ಶೂರೆನ್ಸ್ ಮಾಡಿಸಿಕೊಡುವವರು ಯಾರು? ಅವಳು ಅವನಿಗೆ ವಿಷಯ ತಿಳಿಸಿರಲಿಲ್ಲ.

"ಏನೇ, ಮುಖ ಯಾಕೆ ಹಂಗಿಟ್ಕೊಂಡಿದ್ದೀಯ? ಬೇಯ್ಸಿದ್ ಕೋಳಿಯೆಲ್ಲ ಎದ್ದು ಓಡೋದ್ವಾ?" ಎಂದು ಅವನು ಕೇಳಿದಾಗ ಜಲಜಾ ನಕ್ಕಿದ್ದಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ನೀರು ಬೀಳುವ ಸದ್ದಿನಲ್ಲಿ ಅತ್ತಿದ್ದಳು. ಯೋಚನೆ ಮೊಳೆತದ್ದು ಅಲ್ಲಿಯೇ.

ಓವನ್ನಿನಿಂದ ಹೊರಬಂದ ಮಾಂಸ ಆಗ ತಾನೇ ಹುಟ್ಟಿದ ಕೂಸಿನಷ್ಟು ನಿರ್ಮಲ ಎಂದು ಅವಳು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದಳು. ಬೆಂಕಿ ಎಲ್ಲವನ್ನೂ ಕೊಂದಿರುತ್ತದೆ. ಅಪಾಯವೆಲ್ಲ ಆಮೇಲೆ, ಕೊಯ್ದು ಸೀಲು ಮಾಡುವವರೆಗಿನ ಹಾದಿಯಲ್ಲಿ. ಅದಕ್ಕೇ ಕಾರ್ಖಾನೆಯ ನಡುವೆ ಗೋಡೆ. ಆಚೆ ಹಸಿಮಾಂಸ, ನೀಲಿ ಕೋಟು. ಈಚೆ ಬೆಂದ ಮಾಂಸ, ಬಿಳಿ ಕೋಟು. ದಾಟುವವರು ಬೂಟು ಬದಲಿಸಿ, ಕೈ ತೊಳೆದು, ಔಷಧಿ ನೀರಿನಲ್ಲಿ ಪಾದವಿಟ್ಟು ಬರಬೇಕು. ಇಷ್ಟೆಲ್ಲ ಲಿಸ್ಟೀರಿಯಾ ಎಂಬ ಕಣ್ಣಿಗೆ ಕಾಣದ ಒಂದು ಜೀವಕ್ಕೆ ಹೆದರಿ. ಬೇರೆ ಕ್ರಿಮಿಗಳು ಫ್ರಿಜ್ಜಿನ ತಂಪಿಗೆ ಮುದುರಿಕೊಂಡರೆ ಇದು ಅಲ್ಲಿಯೂ ಸದ್ದಿಲ್ಲದೆ ಬೆಳೆಯುತ್ತದೆ. ಹಸಿಮಾಂಸದ ಕಡೆಯ ಮೋರಿಯಲ್ಲಿ ಅದು ಆಗಾಗ ಸಿಗುವುದು ಎಲ್ಲರಿಗೂ ಗೊತ್ತು. ಬಿಳಿ ಕೋಟಿನ ಕಡೆ ಒಂದೇ ಒಂದು ಸಲ ಸಿಕ್ಕಿದರೂ ಅಂದಿನ ಉಸ್ತುವಾರಿಯವರ ಕತೆ ಮುಗಿದಂತೆ.

ಮಾಂಸವನ್ನು ಮುಟ್ಟುವ ಮಾತೇ ಇರಲಿಲ್ಲ. ಅಷ್ಟು ನೀಚಳು ತಾನಲ್ಲ. ಯಾರದೋ ಮನೆಯ ಬಸುರಿ, ಯಾರದೋ ಮಗು ತಿನ್ನುವ ಆಹಾರ ಅದು. ಮುಟ್ಟಬೇಕಾದದ್ದು ಒಂದು ಗಾಜಿನ ಟ್ಯೂಬನ್ನು ಮಾತ್ರ. ಪ್ರತಿದಿನ ಯಂತ್ರ, ಮೇಜುಗಳನ್ನೂ ಕೆಲಸದವರ ಕೈಗಳನ್ನೂ ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ, ಆ ಕಡ್ಡಿಗಳನ್ನು ಟ್ಯೂಬಿನಲ್ಲಿಟ್ಟು ಹೊರಗಿನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವರದಿ ಬರುವವರೆಗೆ ಆ ದಿನದ ಸರಕು ಕಾರ್ಖಾನೆ ಬಿಟ್ಟು ಹೊರಡುವುದಿಲ್ಲ. ವರದಿ ಕೆಟ್ಟದ್ದು ಬಂದರೆ ಸುಟ್ಟುಹಾಕುತ್ತಾರೆ. ಯಾರ ಹೊಟ್ಟೆಗೂ ಹೋಗುವುದಿಲ್ಲ, ಯಾರೂ ಸಾಯುವುದಿಲ್ಲ. ಒಬ್ಬಳ ಹೆಸರು ಕೆಡುತ್ತದೆ, ಅಷ್ಟೇ. ಆಗ ಗಿರಿಧರ್ ಹಳಬಳನ್ನೇ ಹುಡುಕಿಕೊಂಡು ಬರಬೇಕು. ಚಿಕ್ಕ ವಯಸ್ಸಿನವಳಿಗೆ ನಾಳೆ ಇನ್ನೊಂದು ಕೆಲಸ ಸಿಗುತ್ತದೆ. ಕಮಲಾಕರನಿಗೆ ಇನ್ನೊಂದು ರಕ್ತ ಸಿಗುವುದಿಲ್ಲ.

ಟ್ಯೂಬುಗಳ ಮೇಲೆ ಬರಿ ಸಂಖ್ಯೆ. ಪ್ರಯೋಗಾಲಯದವರಿಗೆ ಯಾವುದು ಯಾವ ಜಾಗದ್ದೆಂದು ತಿಳಿಯಬಾರದು. ಆದರೆ ಸಾಲಿನ ಕ್ರಮ ಜಲಜಾಳೇ ಮಾಡಿದ್ದು. ಮೊದಲನೆಯದು ಕೊಯ್ಯುವ ಯಂತ್ರದ ಅಲಗು, ಆಮೇಲೆ ಬೆಲ್ಟು, ಪ್ಯಾಕಿಂಗ್ ಮೇಜು. ಕೈಗಳನ್ನು ಯಾವಾಗ ಒರೆಸಿದರೂ ಅವುಗಳ ಜಾಗ ಸಾಲಿನ ಕೊನೆ. ಎಲ್ಲ ಟ್ಯೂಬುಗಳೂ ಕೆಟ್ಟರೆ ಅನುಮಾನ ಬರುತ್ತದೆ. ಅಲಗೊಂದೇ ಕೆಟ್ಟರೆ, ಬೆಳಿಗ್ಗೆ ಅದನ್ನು ಬಿಚ್ಚಿ ತೊಳೆಸಿ 'ಸರಿಯಿದೆ' ಎಂದವಳತ್ತ ಎಲ್ಲರೂ ತಿರುಗಿ ನೋಡುತ್ತಾರೆ. ಕಾರ್ಖಾನೆಯ ಲ್ಯಾಬಿನಲ್ಲಿ ಹೋಲಿಕೆಗೆಂದು ಇಟ್ಟಿದ್ದ ಕ್ರಿಮಿಯನ್ನು ಬಳಸುವಷ್ಟು ದಡ್ಡಿ ಅವಳಲ್ಲ, ಅದರ ಜಾತಕ ಎಲ್ಲರ ಹತ್ತಿರವೂ ಇದೆ, ಪರೀಕ್ಷೆಯಲ್ಲಿ ಗುರುತು ಸಿಕ್ಕಿಬಿಡುತ್ತದೆ. ಮೋರಿಯದ್ದಾದರೆ ಸಹಜ. ಸರಿಯಾಗಿ ತೊಳೆಯದ ಒಂದು ಬೂಟು ತಂದಿತು ಎನ್ನುತ್ತಾರೆ.

ದಿನವನ್ನೂ ಅವಳು ಯೋಚಿಸಿಯೇ ಆರಿಸಿದಳು. ಶ್ರೀಯಾ ಅಧಿಕಾರ ವಹಿಸಿಕೊಳ್ಳುವ ಶುಕ್ರವಾರ. ಮೊದಲ ದಿನವೇ ಎಡವಿದವಳನ್ನು ಯಾರೂ ಎತ್ತಿ ನಿಲ್ಲಿಸುವುದಿಲ್ಲ.

ಆ ದಿನ ಹುಡುಗಿ ಹಣೆಗೆ ವಿಭೂತಿ ಇಟ್ಟುಕೊಂಡು ಬಂದಳು. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಮೈಸೂರಿನವರ ಮಗಳು, ಅವಳ ಕನ್ನಡದಲ್ಲಿ ಅರ್ಧ ತಮಿಳು. "ಅಕ್ಕಾ, ರೊಂಬ ಭಯ ಆಗ್ತಿದೆ. ನೀವು ಪಕ್ಕದಲ್ಲೇ ಇರಿ, ಪ್ಲೀಸ್" ಎಂದಳು.

"ಭಯ ಯಾಕೆ? ನಾನು ಹೇಳ್ಕೊಟ್ಟಿದ್ದನ್ನ ಮಾಡು, ಸಾಕು" ಎಂದಳು ಜಲಜಾ.

ಊಟದ ಹೊತ್ತಿಗೆ ನೀಲಿ ಕೋಟು ತೊಟ್ಟು ಆಚೆ ಹೋದಳು. ಎಂದಿನ ತಪಾಸಣೆಯಂತೆ ಮೋರಿಯ ಜಾಲರಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕಡ್ಡಿಯಿಂದ ಒರೆಸಿ, ಮುಚ್ಚಳದ ಡಬ್ಬಿಯಲ್ಲಿಟ್ಟುಕೊಂಡಳು. ಮರಳಿ ಬರುವಾಗ ಬೂಟು ಬದಲಿಸಿದಳು, ಕೈ ತೊಳೆದಳು, ಔಷಧಿ ನೀರಿನಲ್ಲಿ ಪಾದವಿಟ್ಟಳು. ಪಾಪ ಮಾಡಲು ಹೊರಟವಳು ಇಷ್ಟು ಮಡಿಯಿಂದ ಹೊರಟಿದ್ದೇನೆಂದು ಒಂದು ಗಳಿಗೆ ನಗು ಬಂತು. ಬೆಳಿಗ್ಗೆಯ ಟ್ಯೂಬುಗಳನ್ನಿಟ್ಟಿದ್ದ ಸ್ಯಾಂಪಲ್ ಕೋಣೆಯಲ್ಲಿ ಯಾರೂ ಇರಲಿಲ್ಲ, ಕ್ಯಾಮೆರಾವೂ ಇರಲಿಲ್ಲ. ಸಾಲಿನ ಮೊದಲನೆಯ ಟ್ಯೂಬಿನ ಮುಚ್ಚಳ ತೆಗೆದು, ತನ್ನ ಕಡ್ಡಿಯನ್ನು ಅದರೊಳಗೆ ಅದ್ದಿ ತೆಗೆದು, ಮುಚ್ಚಳ ಹಾಕಿದಳು. ಒಗ್ಗರಣೆಗೆ ಸಾಸಿವೆ ಹಾಕುವಷ್ಟು ಹೊತ್ತೂ ಹಿಡಿಯಲಿಲ್ಲ.

ಆಮೇಲಿನ ದಿನಗಳು ಕಳೆದದ್ದು ಹೇಗೋ ಅವಳಿಗೇ ತಿಳಿಯಲಿಲ್ಲ. ಗಂಡನ ಜೊತೆ ಆಸ್ಪತ್ರೆಯಲ್ಲಿ ಕೂತಾಗ ಯಂತ್ರದೊಳಗೆ ಸುತ್ತುವ ರಕ್ತವನ್ನು ನೋಡುತ್ತ, 'ಇದಕ್ಕೇ, ಇದಕ್ಕೋಸ್ಕರವೇ' ಎಂದು ಜಪ ಮಾಡಿದಳು. ಶ್ರೀಯಾ ಮಾತ್ರ ಯಾವುದೋ ಗುಟ್ಟು ಬಾಯಲ್ಲಿಟ್ಟುಕೊಂಡವಳಂತೆ ಓಡಾಡುತ್ತಿದ್ದಳು. "ವರದಿ ಬರ್ಲಿ ಅಕ್ಕಾ, ಒಂದು ವಿಷಯ ಹೇಳ್ತೀನಿ. ಕೋಪ ಮಾಡ್ಕೋಬಾರ್ದು!" ಎಂದು ಕಣ್ಣು ಮಿಟುಕಿಸಿದಳು. ಗೆದ್ದವಳ ಜಂಭ ಎಂದುಕೊಂಡಳು ಜಲಜಾ. ಅದರಿಂದ ಮನಸ್ಸು ಸ್ವಲ್ಪ ಹಗುರಾಯಿತು.

ಬುಧವಾರ ಗಿರಿಧರ್ ಕರೆಸಿದ. ಅವನ ಕೋಣೆಯಲ್ಲಿ ಶ್ರೀಯಾ ಅಳುತ್ತ ಕೂತಿದ್ದಳು. ಜಲಜಾ ತಯಾರು ಮಾಡಿಕೊಂಡಿದ್ದ ಮುಖವನ್ನು ಹೊತ್ತು ಒಳಗೆ ಹೋದಳು: ಅರ್ಧ ಆತಂಕ, ಅರ್ಧ ಕರುಣೆ.

"ಒಂದನೇ ಟ್ಯೂಬಲ್ಲಿ ಲಿಸ್ಟೀರಿಯಾ ಸಿಕ್ಕಿದೆ" ಎಂದ ಗಿರಿಧರ್. ಹಣೆ ಉಜ್ಜಿಕೊಂಡ. "ಇವತ್ತೇ ಬರಬೇಕಿತ್ತಾ ಇದು? ನಿಮಗೆ ಒಳ್ಳೇ ಸುದ್ದಿ ಹೇಳೋಣ ಅಂತಿದ್ದೆ. ಅಕ್ಕ ಇಲ್ದೆ ಈ ಕುರ್ಚಿ ಬೇಡ್ವೇ ಬೇಡ ಅಂತ ಇವಳು ಹೋದ ವಾರ ಹಟ ಹಿಡಿದು ಕೂತಳು. ಹೆಡ್ ಆಫೀಸಲ್ಲೂ ಹೋಗಿ ಜಗಳ ಆಡಿದಳು. ಅವರೂ ಒಪ್ಪಿದ್ರು. ನಿಮ್ಮನ್ನ ಟ್ರೈನರ್ ಮಾಡಿ ಉಳಿಸ್ಕೋತೀವಿ ಅಂತ. ಇನ್ಶೂರೆನ್ಸೂ ಹಾಗೇ ಮುಂದುವರಿಯೋದು."

ಜಲಜಾ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಕಾರ್ಡು ಉಳಿದಿತ್ತು, ಏನೂ ಮಾಡದೆಯೇ ಉಳಿದಿತ್ತು. ಆದರೂ ಕೆಟ್ಟದ್ದೇನೂ ಆಗಿಲ್ಲ, ಈ ಹುಡುಗಿಯನ್ನು ಈಗಲೂ ಪಾರು ಮಾಡಬಹುದು ಎಂದು ಅವಳ ಬುದ್ಧಿ ಆತುರಾತುರವಾಗಿ ಲೆಕ್ಕ ಹಾಕಿತು. "ಅಳಬೇಡ ಕಣೇ" ಎಂದಳು. ಈ ಸಲ ಕರುಣೆ ನಿಜವಾದದ್ದೇ. "ಎಲ್ರಿಗೂ ಆಗತ್ತೆ. ನಿನ್ನ ತಪ್ಪಲ್ಲ ಅಂತ ನಾನೇ ಸಾರ್‌ಗೆ ಬರ್ಕೊಡ್ತೀನಿ."

"ನಾನು ನನಗೋಸ್ಕರ ಅಳ್ತಿಲ್ಲ ಅಕ್ಕಾ" ಎಂದಳು ಶ್ರೀಯಾ, ದುಪಟ್ಟಾದಿಂದ ಮೂಗು ಒರೆಸಿಕೊಳ್ಳುತ್ತ. "ಬ್ಲೇಡು, ಬೆಲ್ಟು ಎಲ್ಲ ಕ್ಲೀನಾಗೇ ಬಂದಿದೆ. ಮೊದಲ ದಿನ ಅಲ್ವಾ, ದೊಡ್ಡೋರ ಕೈಯಿಂದ ಶುರು ಮಾಡು ಅಂದ್ರು ಅಮ್ಮ. ನಿಮ್ಮ ಕೈಗುಣ ಒಳ್ಳೇದು ಅಂತ ಬೆಳಿಗ್ಗೆ ಬಾಗಿಲಲ್ಲಿ ನಿಮ್ಮ ಕೈ ಒರೆಸಿದ್ನಲ್ಲ, ಅದನ್ನೇ ಒಂದನೇ ಟ್ಯೂಬಿಗೆ ಹಾಕಿದೆ." ಬಾಗಿಲಲ್ಲಿ ಎಲ್ಲರಂತೆ ತಾನೂ ಕೈ ಚಾಚಿದ್ದು, ಚಾಚಿ ಮರೆತದ್ದು, ಈಗ ಜಲಜಾಳಿಗೆ ನೆನಪಾಯಿತು. ಗಿರಿಧರ್ ಅವಳ ಮುಖ ನೋಡದೆ, ರೂಲು ನಿಮಗೇ ಗೊತ್ತಲ್ಲ ಎಂದ. ಮೋರಿಯ ಕ್ರಿಮಿ ಬಿಳಿ ಕೋಟಿನವರ ಕೈಗೆ ಎಲ್ಲಿಂದ ಬಂತೆಂದು ತಿಳಿಯುವವರೆಗೆ ಒಳಗೆ ಬಿಡುವಂತಿಲ್ಲ, ಟ್ರೈನರ್ ಆರ್ಡರನ್ನು ಹೆಡ್ ಆಫೀಸಿನವರು ಬೆಳಿಗ್ಗೆಯೇ ತಡೆಹಿಡಿದಿದ್ದಾರೆ, ತಿಂಗಳ ಕೊನೆಗೆ ಕಂಪನಿಯಿಂದಲೂ ಇನ್ಶೂರೆನ್ಸಿನಿಂದಲೂ ಹೆಸರು ತೆಗೆಯುತ್ತಾರೆ ಎಂದ. "ಎಲ್ಲಿಂದ ಬಂತು ಅಂತ ಒಂದು ಮಾತು ಹೇಳ್ಬಿಡಿ ಅಕ್ಕಾ, ಉಳಿದಿದ್ದು ನಾನು ನೋಡ್ಕೋತೀನಿ" ಎಂದು ಶ್ರೀಯಾ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು. ಜಲಜಾ ಮೆಲ್ಲನೆ ಕೈ ಬಿಡಿಸಿಕೊಂಡಳು. ಎಲ್ಲಿಂದ ಬಂತೆಂದು ಆ ಇಡೀ ಕಾರ್ಖಾನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.