ಮಂಗಳವಾರದ ಕ್ಯಾಸೆಟ್ಟು

"ಮೇಸ್ತ್ರಿ ಇಲ್ವಾ?"

"ಎದುರಿಗೇ ಇದ್ದೀನಲ್ಲ, ಕಾಣ್ಸಲ್ವಾ?"

ಹಳೆಯ ವಿ.ಸಿ.ಆರ್. ಒಂದನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದ ಆ ಎತ್ತರದ ಗಂಡಸು ಅರಾಬಾಳ ಬೆನ್ನ ಹಿಂದೆ ಇಣುಕಿದ. ಆಮೇಲೆ ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿ ನಾಲಿಗೆ ಕಚ್ಚಿಕೊಂಡ.

ಸೆಕೊಂಡಿ ಬಂದರಿನ ರಸ್ತೆಯಲ್ಲಿ ಅಪ್ಪ ಬಿಟ್ಟುಹೋದ ರಿಪೇರಿ ಅಂಗಡಿಯನ್ನು ಅರಾಬಾ ನಾಲ್ಕು ವರ್ಷದಿಂದ ಒಬ್ಬಳೇ ನಡೆಸುತ್ತಿದ್ದಳು. ಈ ಪ್ರಶ್ನೆ ಅವಳಿಗೆ ಹೊಸದಲ್ಲ. ಆದರೆ ಕೇಳಿದವನು ಇಷ್ಟು ಚೆನ್ನಾಗಿ ನಾಚಿಕೊಂಡಿದ್ದು ಹೊಸದು!

"ತಪ್ಪಾಯ್ತು... ನಾನು ಕೊಬಿನಾ. ದೋಣಿಯವನು. ಇದು ಕ್ಯಾಸೆಟ್ ಹಾಕಿದ್ರೆ ನುಂಗುತ್ತೆ, ಗೊರ್ರ್ ಅನ್ನುತ್ತೆ, ಉಗುಳುತ್ತೆ. ಅಣ್ಣ ಹಡಗಿಂದ ಬರೋದ್ರೊಳಗೆ ಸರಿ ಆಗ್ಬೇಕು."

"ಕೊಬಿನಾ ಅಂದ್ರೆ ಮಂಗಳವಾರ ಹುಟ್ಟಿದವರು."

"ನಿಮ್ಮ ಹೆಸರು?"

"ಅರಾಬಾ."

"ಅಯ್ಯೋ, ನೀವೂ ಮಂಗಳವಾರದವರೇ!" ಅವನ ಮುಖ ಅರಳಿತು. "ಇವತ್ತೂ ಮಂಗಳವಾರ!"

ಅದರಲ್ಲೇನು ವಿಶೇಷ? ಮಂಗಳವಾರ ಕಡಲಮ್ಮನ ದಿನ, ಯಾವ ದೋಣಿಯೂ ನೀರಿಗಿಳಿಯುವಂತಿಲ್ಲ. ಮೀನು ಹಿಡಿಯುವವರೆಲ್ಲ ಊರೊಳಗೆ ಬರುವುದೇ ಅವತ್ತು. ಇಷ್ಟು ಗೊತ್ತಿದ್ದೂ ಅರಾಬಾಳ ಎದೆ ಯಾಕೋ ಡವಗುಟ್ಟಿತು.

ಅವಳು ಮುಚ್ಚಳ ಬಿಚ್ಚಿ ನೋಡಿದಳು. ಕ್ಯಾಸೆಟ್ ತೂರಿಸುವ ಬಾಯಿಯ ಮುಚ್ಚಳ ಎಂದೋ ಮುರಿದಿತ್ತು, ಒಳಗಿನ ರಬ್ಬರ್ ಬೆಲ್ಟು ಸಡಿಲವಾಗಿತ್ತು. ಅದನ್ನು ಬದಲಾಯಿಸಿ, ಸ್ಪಿರಿಟ್ ಹಚ್ಚಿ ಧೂಳು ಒರೆಸಿ, ತನ್ನದೇ ಒಂದು ಕ್ಯಾಸೆಟ್ ಹಾಕಿದಳು. ಸೊಗಸಾಗಿ ಓಡಿತು. ಕೊಬಿನಾ ಖುಷಿಯಿಂದ ಹೊತ್ತುಕೊಂಡು ಹೋದ.

ಮುಂದಿನ ಮಂಗಳವಾರ...

"ಮತ್ತೆ ಉಗುಳ್ತು!"

ಒಂದು ಕಂಕುಳಲ್ಲಿ ಅದೇ ವಿ.ಸಿ.ಆರ್., ಇನ್ನೊಂದು ಕೈಯಲ್ಲಿ ಎಲೆಯಲ್ಲಿ ಸುತ್ತಿದ ಎರಡು ಕೆಂಪು ಮೀನು. ಅರಾಬಾ ಕ್ಯಾಸೆಟ್ ತಳ್ಳಿದಳು. ಚಿತ್ರ ಬಂತು!

"ನೋಡಿ, ಓಡ್ತಿದೆ."

"ಇಲ್ಲಿ ಓಡುತ್ತೆ. ನಮ್ಮನೇಲಿ ಓಡಲ್ಲ!"

"ಅದಕ್ಕೆ ಯಾರ ಮನೆ ಅಂತ ಹೇಗ್ರೀ ಗೊತ್ತಾಗುತ್ತೆ? ನಿಮ್ಮ ಕ್ಯಾಸೆಟ್ಟೇ ಕೆಟ್ಟಿರಬೇಕು, ತನ್ನಿ."

"ಅದರ ಪ್ರತಿ ಅದೊಂದೇ ಇರೋದು ಮೇಸ್ತ್ರಿ. ಅದನ್ನ ಮನೆ ದಾಟ್ಸಲ್ಲ. ಬೇರೆ ಕ್ಯಾಸೆಟ್ ಹಾಕಿದ್ರೂ ಉಗುಳುತ್ತೆ, ದೇವರಾಣೆ!"

ಮೂರನೇ ಮಂಗಳವಾರವೂ ಅವನು ಬಂದ. ಅವತ್ತೂ ಅಂಗಡಿಯಲ್ಲಿ ಆ ಯಂತ್ರ ಒಳ್ಳೆಯ ಮಗುವಿನ ಹಾಗೆ ನಡೆದುಕೊಂಡಿತು. ಅಂಗಡಿಯ ಮುಂದೆ ಮೆಕ್ಕೆಜೋಳದ ಹಿಟ್ಟಿನ ಕೆಂಕಿ ಉಂಡೆ ಮಾರುತ್ತಿದ್ದ ಅರಾಬಾಳ ಸೋದರತ್ತೆ ಎಫುವಾ ಕಿಸಕ್ಕನೆ ನಕ್ಕಳು.

"ಕೆಟ್ಟಿರೋದು ಆ ಡಬ್ಬ ಅಲ್ಲ ಕಣೇ, ಆ ಹುಡುಗ! ಬಲೆ ಹೆಣೆಯೋ ದಿನ ಇಲ್ಲಿ ಬಂದು ಕೂತಿದ್ದಾನೆ ಅಂದ್ರೆ ಗೊತ್ತಾಗಲ್ವಾ?"

"ಸುಮ್ನಿರತ್ತೆ!"

ಅರಾಬಾಳಿಗೆ ತಲೆ ಕೆಟ್ಟುಹೋಯಿತು. ಇವನು ಸುಳ್ಳು ಹೇಳುತ್ತಿದ್ದಾನಾ? ಹೌದಾದರೆ ನನಗೆ ಕೋಪ ಬರಬೇಕಲ್ಲ, ಯಾಕೆ ಬರ್ತಿಲ್ಲ? ನಿಜ ಹೇಳುತ್ತಿದ್ದರೆ ನನ್ನ ವಿದ್ಯೆ ದಂಡ. ಹಾಗಿದ್ದರೂ ಸುಳ್ಳೇ ಆಗಿರಲಿ ಅಂತ ಈ ಮನಸ್ಸು ಯಾಕೆ ಹಾರೈಸುತ್ತಿದೆ?

"ನಡೀರಿ," ಅಂದಳು ಎದ್ದು. "ನಿಮ್ಮನೇಲೇ ನೋಡ್ತೀನಿ."

ಮನೆ ಕಡಲ ದಡದಲ್ಲೇ ಇತ್ತು. ಬಾಗಿಲು ತೆರೆದರೆ ಎದುರಿಗೆ ನೀರು, ಮಧ್ಯಾಹ್ನದ ಬಿಸಿಲು ಒಳಗಿನ ಗೋಡೆಯವರೆಗೂ ಚಾಚಿಕೊಂಡಿತ್ತು. ಬಾಗಿಲಿಗೆ ಮುಖ ಮಾಡಿದ ಸ್ಟೂಲಿನ ಮೇಲೆ ಕೊಬಿನಾ ವಿ.ಸಿ.ಆರ್. ಇಟ್ಟು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕ್ಯಾಸೆಟ್ ತಂದು ತಳ್ಳಿದ.

ಗೊರ್ರ್... ಟಕ್. ಉಗುಳಿತು!

"ನಾನು ಸುಳ್ಳುಗಾರ ಅಲ್ಲ ಅಂತ ಈಗಾದ್ರೂ ನಂಬ್ತೀರಾ?"

ಅವನು ನಿಜ ಹೇಳಿದ್ದಕ್ಕೆ ಅರಾಬಾಳಿಗೆ ಒಂದು ಚೂರು ಬೇಸರವಾಯಿತು. ಸ್ಟೂಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ತಾನೇ ತಳ್ಳಿದಳು. ನುಂಗಿತು... ಸುಮ್ಮನಿತ್ತು. ಟಿ.ವಿ.ಯಲ್ಲಿ ಬಿಳಿ ಗೆರೆಗಳು ಓಡತೊಡಗಿದವು. ಎದ್ದು ಪಕ್ಕಕ್ಕೆ ಸರಿದಳು. ಟಕ್! ಮತ್ತೆ ಕೂತು ತಳ್ಳಿದಳು. ಒಳಗೇ ನಿಂತಿತು.

"ನಾನಿದ್ರೆ ಓಡುತ್ತೆ, ಇಲ್ದಿದ್ರೆ ಇಲ್ಲ... ಇದೇನ್ರೀ ಇದು?"

"ಅದಕ್ಕೂ ನೀವು ಹತ್ರ ಇದ್ರೇನೇ ಸಮಾಧಾನ."

"ಅದಕ್ಕೂ ಅಂದ್ರೆ? ಇನ್ಯಾರಿಗೆ?"

ಅವನು ಯಂತ್ರ ಬಿಟ್ಟು ಅವಳನ್ನೇ ನೋಡುತ್ತಿದ್ದ. ಕೆನ್ನೆ ಬಿಸಿಯಾಗಿ ಅರಾಬಾ ಮುಖ ತಿರುಗಿಸಿ ಟಿ.ವಿ. ನೋಡಿದಳು.

ಮದುವೆ ಮನೆ. ಚಪ್ಪರ, ಬಣ್ಣದ ಕೆಂಟೆ ಬಟ್ಟೆ ಉಟ್ಟ ಜನ. ಗೆರೆಗಳ ನಡುವೆ ಮದುಮಗನ ಕುರ್ಚಿ... ಕುರ್ಚಿಯಲ್ಲಿ ಕೊಬಿನಾ! ಅವನ ಪಕ್ಕದಲ್ಲಿ ತಲೆಗೆ ಚಿನ್ನದ ಮಣಿ ಮುಡಿದ ಹುಡುಗಿ. ಅವನ ಮಡಿಲಲ್ಲಿ ಕಪ್ಪಗೆ, ಚೌಕವಾಗಿ ಏನೋ ಇತ್ತು. ಉಂಗುರದ ಜೊತೆ ಹೆಣ್ಣಿಗೆ ಕೊಡುವ ಬೈಬಲ್. ಇನ್ನೇನಿರುತ್ತೆ?

ಆಗಲೇ ಕಣ್ಣಿಗೆ ಬಿತ್ತು. ಬಾಗಿಲ ಬಳಿ ಹೆಂಗಸಿನ ಚಪ್ಪಲಿ. ಕಿಟಕಿಯಲ್ಲಿ ಒಣಗುತ್ತಿದ್ದ ಹೂವಿನ ಬಟ್ಟೆ.

ಅಯ್ಯೋ ಅರಾಬಾ! ಎಂಥ ಮುಟ್ಠಾಳೆ ನೀನು!

"ನಿಮ್ಮ ಯಂತ್ರದ ರೋಗ ನನಗೆ ಗೊತ್ತಾಗಲ್ಲ," ಎಂದು ಚೀಲ ಎತ್ತಿಕೊಂಡಳು. "ಬೇರೆಯವರಿಗೆ ತೋರ್ಸಿ."

"ಅರಾಬಾ? ಏನಾಯ್ತು? ಇರಿ, ಇನ್ನೂ ಮುಂದೆ..."

ಅವಳು ಹೊಸ್ತಿಲು ದಾಟಿಯಾಗಿತ್ತು. ಹಿಂದೆ ಟಕ್ ಎಂದು ಕ್ಯಾಸೆಟ್ ಹೊರಬಿದ್ದ ಸದ್ದು ಕೇಳಿಸಿತು.

ಬುಧವಾರವಿಡೀ ಅವಳಿಗೆ ಕೆಲಸಕ್ಕೆ ಕೈ ಓಡಲಿಲ್ಲ. ಅವನನ್ನು ಮರೆಯಲೆಂದೇ ಆ ಯಂತ್ರದ ಬಗ್ಗೆ ಯೋಚಿಸಿದಳು. ನಾನು ಮುಂದೆ ಕೂತರೆ ಏನಾಗುತ್ತಿತ್ತು? ನೆರಳು... ನನ್ನ ನೆರಳು ಬೀಳುತ್ತಿತ್ತು! ಅದರ ಬಾಯಿಯ ಮುಚ್ಚಳ ಎಂದೋ ಮುರಿದು ಹೋಗಿತ್ತಲ್ಲ! ಅಂಗಡಿಯಲ್ಲಿದ್ದ ಇನ್ನೊಂದು ವಿ.ಸಿ.ಆರ್.ನ ಮುಚ್ಚಳ ಕಿತ್ತು, ಬಿಸಿಲಿಗೆ ಬಾಯಿ ಮಾಡಿಟ್ಟು ಕ್ಯಾಸೆಟ್ ತಳ್ಳಿದಳು. ಗೊರ್ರ್... ಟಕ್!

ರೋಗ ಸಿಕ್ಕಿತು. ಆದರೆ ಹೇಳುವುದು ಯಾರಿಗೆ? ಅರಾಬಾ ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಗುರುವಾರ ಬೆಳಿಗ್ಗೆ ಅತ್ತೆಯ ಕೈಯಿಂದ ಕೆಂಕಿ ಉಂಡೆ ಜಾರಿತು.

"ಏನಯ್ಯಾ, ಇವತ್ತು ಗುರುವಾರ! ಮೀನಿನ ಹಂಗಾಮಲ್ಲಿ ದೋಣಿ ಬಿಟ್ಟು ಬಂದ್ಯಾ? ಮೈಗೆ ಹುಷಾರಿಲ್ವಾ?"

ಕೊಬಿನಾನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಬಟ್ಟೆಯಲ್ಲಿ ಸುತ್ತಿದ ಕ್ಯಾಸೆಟ್ಟನ್ನು ಅರಾಬಾಳ ಮುಂದಿಟ್ಟ. ಮನೆ ದಾಟಿಸದ ಕ್ಯಾಸೆಟ್ಟು!

"ನಾನೇನು ತಪ್ಪು ಮಾಡ್ದೆ ಹೇಳಿ. ಎರಡು ದಿನದಿಂದ ಬಲೇಲಿರೋ ಮೀನನ್ನೂ ಕೇಳ್ಬಿಟ್ಟೆ. ಮನೆಗೆ ಬಂದಾಗ ನೀರು ಕೊಡೋದು ಮರೆತೆ, ಅದಕ್ಕಾ?"

"ನಿಮ್ಮ ಮದುವೇನ ನಾನ್ಯಾಕೆ ಕೂತು ನೋಡ್ಲಿ?" ಅರಾಬಾ ಕ್ಯಾಸೆಟ್ಟನ್ನು ಅವನತ್ತ ತಳ್ಳಿದಳು. "ಹೆಂಡತಿ ಇರೋರು ವಾರವಾರ ಮೀನು ಹಿಡ್ಕೊಂಡು ಬರಬಾರದು!"

"ಹೆಂಡ್ತೀನಾ? ನನಗಾ? ಯಾವಾಗ?"

ಅವನು ಎಷ್ಟು ಕಕ್ಕಾಬಿಕ್ಕಿಯಾದನೆಂದರೆ ಅತ್ತೆ ಎಫುವಾ ಸೌಟು ಹಿಡಿದೇ ಒಳಗೆ ಬಂದಳು. ಕ್ಯಾಸೆಟ್ಟನ್ನು ತಾನೇ ತೆಗೆದುಕೊಂಡು ಅಂಗಡಿಯ ವಿ.ಸಿ.ಆರ್.ಗೆ ತಳ್ಳಿದಳು.

ಈ ಸಲ ಚಿತ್ರ ನಿಚ್ಚಳವಾಗಿತ್ತು. ಕುರ್ಚಿಯಲ್ಲಿ ಕೂತ ಕೊಬಿನಾ ಮಡಿಲಿಂದ ಅದನ್ನು ಎತ್ತಿ ಹಿಡಿದ. ಬೈಬಲ್ ಅಲ್ಲ... ಕಪ್ಪು ಕಟ್ಟಿನ ಒಂದು ಫೋಟೋ! ನಾವಿಕರ ಟೋಪಿ ಹಾಕಿದ ಯಾವನೋ ಅದರಲ್ಲಿ ಹಲ್ಲು ಬಿಡುತ್ತಿದ್ದ. ಮದುಮಗಳು ಬಾಗಿ ಆ ಫೋಟೋಗೆ ಮುತ್ತಿಟ್ಟಳು. ಜನ ಹೋ ಎಂದು ನಕ್ಕರು.

"ಇವನು ನಮ್ಮಣ್ಣ ಕ್ವಮೆನಾ. ಅವಳು ನಮ್ಮತ್ತಿಗೆ, ಆ ಮನೇಲೇ ಇರೋದು. ಹಡಗಿನೋರು ಅಣ್ಣನಿಗೆ ರಜೆ ಕೊಡ್ಲಿಲ್ಲ. ಅವನ ಬದಲು ನಾನು ಕೂತೆ. ಪಾಪ, ತನ್ನ ಮದುವೇನೇ ಅವನು ನೋಡಿಲ್ಲ. ಶನಿವಾರ ಬರ್ತಿದ್ದಾನೆ."

"ಹುಚ್ಚುಮುಂಡೇದೇ!" ಅತ್ತೆ ಅರಾಬಾಳ ತಲೆಗೆ ಮೊಟಕಿದಳು. "ಗಂಡು ದೂರದಲ್ಲಿದ್ರೆ ತಮ್ಮ ಕೂರೋದು ಊರಿಗೇ ಗೊತ್ತು!" ಹೊರಗೆ ಹೋಗಿ, ಬಾಗಿಲನ್ನು ಅರ್ಧ ಎಳೆದುಕೊಂಡಳು.

ಅರಾಬಾಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂತು.

"ನಿಮ್ಮ ಯಂತ್ರದ ರೋಗ ಗೊತ್ತಾಯ್ತು," ಅಂದಳು ಕಣ್ಣೊರೆಸಿಕೊಂಡು. "ಟೇಪಿನ ತುದಿ ಗಾಜಿನ ಹಾಗೆ, ಬೆಳಕು ಹಾಯುತ್ತೆ. ಬೆಳಕು ಕಂಡ್ರೆ ಟೇಪು ಮುಗೀತು ಅಂತ ಅದರ ಲೆಕ್ಕ. ನಿಮ್ಮನೆ ಬಿಸಿಲು ನೇರ ಬಾಯೊಳಗೆ ಬೀಳ್ತಿತ್ತು. ಅದಕ್ಕೇ... ಶುರುವಾಗೋ ಮೊದಲೇ ಮುಗೀತು ಅಂದ್ಕೊಂಡು ಉಗುಳಿಬಿಡ್ತಿತ್ತು." ತಲೆ ತಗ್ಗಿಸಿದಳು. "ನನ್ನ ಹಾಗೇ."

"ಮುಗೀಲಿಲ್ಲ ಅಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಡ್ರಾಯರಿನಿಂದ ಒಂದು ಅಗಲದ ಕಪ್ಪು ರಬ್ಬರ್ ಪಟ್ಟಿ ತೆಗೆದಳು. ನಿನ್ನೆಯೇ ಅಳತೆ ಮಾಡಿ ಕತ್ತರಿಸಿಟ್ಟಿದ್ದು.

"ಇದನ್ನ ಬಾಯಿಗೆ ಪರದೆ ಹಾಗೆ ಅಂಟ್ಸಿ. ಇನ್ಮೇಲೆ ಉಗುಳಲ್ಲ."

"ಬೇಡ ಅರಾಬಾ. ಅದು ಸರಿಯಾದ್ರೆ ನಾನು ಏನು ನೆಪ ಹೇಳ್ಕೊಂಡು ಬರ್ಲಿ?"

"ನೆಪ ಯಾಕೆ? ನಿಮ್ಮ ಸೋದರಮಾವನ್ನ ಕರ್ಕೊಂಡು, ಎರಡು ಬಾಟಲಿ ಜಿನ್ ಹಿಡ್ಕೊಂಡು ನಮ್ಮತ್ತೆ ಮನೆ ಬಾಗಿಲು ತಟ್ಟಿ. ಹೆಣ್ಣು ಕೇಳೋರು ಹಾಗಲ್ವಾ ಬರೋದು?"

ಕೊಬಿನಾ ಒಂದು ಹೆಜ್ಜೆ ಹತ್ತಿರ ಬಂದ. "ಯಾವತ್ತು ಬರ್ಲಿ?"

"ಮಂಗಳವಾರ. ಇನ್ಯಾವತ್ತು?" ಅವಳು ಮೆಲ್ಲಗೆ ಅವನ ಒರಟು ಬೆರಳು ಹಿಡಿದಳು. "ಆದ್ರೆ ಒಂದು ಮಾತು... ಮದುವೇಲಿ ಆ ಕುರ್ಚಿ ಮೇಲೆ ನೀನೇ ಬಂದು ಕೂರ್ಬೇಕು. ಫೋಟೋ ಕಳ್ಸಿದ್ರೆ ನಾನೊಪ್ಪಲ್ಲ."

"ಕಡಲಮ್ಮನಾಣೆ," ಅಂದ ಕೊಬಿನಾ. "ನಾನೇ ಕೂರ್ತೀನಿ."