ಪೋಲಿಯ ಕುಂಟು ವಾಸಿ ಮಾಡಿದವರು ಯಾರು?

ಬೇಕರಿಯ ಹಿಂಬಾಗಿಲು ತೆರೆದ ಸೊಸೆ ಅಲ್ಲೇ ನಿಂತುಬಿಟ್ಟಳು. ಮೈದಾ ಮೂಟೆಗಳ ನಡುವೆ ಪೋಲಿ ಅಡ್ಡಬಿದ್ದಿತ್ತು. ನಾಯಿಯ ಮೂತಿಯ ಬಳಿ ಕಾಫಿ ಚರಟದಂಥ ವಾಂತಿ. ಒಸಡು ಬಿಳಿಚಿಕೊಂಡಿತ್ತು.

ಅವಳ ಗಂಡ ನಾಯಿಯನ್ನು ಪಶುವೈದ್ಯೆಯ ಕೈಗೊಪ್ಪಿಸಿ ನೆಟ್ಟಗೆ ಠಾಣೆಗೆ ಹೋದ. ಪಕ್ಕದಂಗಡಿಯ ದರ್ಜಿಯೇ ವಿಷ ಹಾಕಿದ್ದಾನೆ ಎಂದು ದೂರು ಕೊಟ್ಟ. ಬೊಗಳಿ ತಲೆ ತಿನ್ನುವ ಈ ನಾಯಿಗೆ ಒಂದು ಗತಿ ಕಾಣಿಸುತ್ತೇನೆಂದು ದರ್ಜಿ ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದನಂತೆ.

ಮಹಿಳಾ ಎಸ್‌ಐ ಬಂದು ದರ್ಜಿಯ ಅಂಗಡಿ ಶೋಧಿಸಿದಳು. ಹೊಲಿಗೆಯಂತ್ರದ ಕೆಳಗೆ ಇಲಿಪಾಷಾಣ ಸಿಕ್ಕಿತು. ಪೊಟ್ಟಣ ಒಡೆದಿತ್ತು.

"ಇಲಿ ಬಟ್ಟೆ ಕಡೀತವೆ, ಅದಕ್ಕಿಟ್ಟಿದ್ದೆ," ಎಂದ ದರ್ಜಿ. "ನನ್ನ ಬಾಯಿ ಜೋರು ಮೇಡಂ. ಕೈ ಅಂಥದ್ದಲ್ಲ."

*

ಪಶುವೈದ್ಯೆ ಪೊಟ್ಟಣ ನೋಡಿ ಇದಲ್ಲವೆಂದು ತಲೆಯಾಡಿಸಿದಳು. ಆ ಪಾಷಾಣವಾಗಿದ್ದರೆ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ; ಪೋಲಿಯ ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತಿತ್ತು. ಹೊಟ್ಟೆಯೊಳಗೆ ಮಾತ್ರ ಹುಣ್ಣಾಗಿ ರಕ್ತ ಸೋರುತ್ತಿದೆ, ಮಲವೂ ಡಾಂಬರಿನಂತೆ ಕಪ್ಪಾಗಿದೆ ಎಂದಳು. ತಾನು ಮೊದಲು ಬರೆದುಕೊಟ್ಟದ್ದು ತುರಿಕೆಗೆ ಸ್ಟೀರಾಯ್ಡ್ ಮಾತ್ರೆಯಷ್ಟೆ. ಬೇರೇನನ್ನೂ ಕೊಟ್ಟಿಲ್ಲವೆಂದು ಮನೆಯವರು ಆಣೆಯಿಡುತ್ತಿದ್ದಾರೆ.

"ಇನ್ನೇನು ಸೇರಿದೆ ಅಂತ ಗೊತ್ತಾಗ್ಬೇಕು. ಬೇಗ."

*

ಈಚೆಗೆ ನಾಯಿ ಹೇಗಿತ್ತು ಎಂದು ಎಸ್‌ಐ ಸೊಸೆಯನ್ನು ವಿಚಾರಿಸಿದಳು. ಹಿಂಗಾಲು ಕುಂಟುತ್ತಿತ್ತು, ತಾನಾಗೇ ವಾಸಿಯಾಗಿ ಕುಣಿದಾಡುತ್ತಿತ್ತು ಎಂದಳು ಸೊಸೆ. ಅಷ್ಟರಲ್ಲಿ ಮೂಲೆಯ ಸ್ಟೂಲಿನಿಂದ ಅವಳ ಮಾವ ಗೋಡೆ ಹಿಡಿದು, ಹಲ್ಲು ಕಚ್ಚಿ ಎದ್ದರು.

"ಮಂಡಿನೋವು," ಎಂದು ಸೊಸೆ ದನಿ ತಗ್ಗಿಸಿದಳು. "ಮಾತ್ರೆಯಿಂದ ಆರಾಮಾಗಿದ್ರು. ಈಗ್ಯಾಕೋ ಮತ್ತೆ ಜಾಸ್ತಿಯಾಗಿದೆ."

ಎಸ್‌ಐ ಅಜ್ಜನನ್ನೇ ನೋಡಿದಳು. ನಾಯಿಯ ಕುಂಟು ಹೋಗಿದೆ, ಇವರ ನೋವು ಮರಳಿದೆ. ಸೊಸೆಯನ್ನು ಒಳಗೆ ಕಳಿಸಿ, ಅವರನ್ನು ಮತ್ತೆ ಕೂರಿಸಿ ಪಕ್ಕದಲ್ಲಿ ಕುಳಿತಳು.

"ಅಜ್ಜ, ನಿಮ್ಮ ಮಾತ್ರೆ ಯಾರು ತಿಂತಿದ್ರು?"

ಅವರು ಮಂಡಿ ನೀವಿಕೊಂಡರು.

"ಅದೂ ನನ್ನ ಹಾಗೇ ಒದ್ದಾಡ್ತಿತ್ತಮ್ಮ. ನನಗೆ ಹಿಡಿಸಿದ್ದು ಅದಕ್ಕೂ ಹಿಡಿಸುತ್ತೆ ಅಂದ್ಕೊಂಡೆ. ಬ್ರೆಡ್ಡಲ್ಲಿಟ್ಟು ಕೊಟ್ಟೆ. ಮಗ ವಿಷ, ಜೈಲು ಅಂತ ಕೂಗಾಡಿದ ಮೇಲೆ ಬಾಯೇ ಬರಲಿಲ್ಲ."

"ಯಾವ ಮಾತ್ರೆ, ಎಷ್ಟು, ಕೊನೇದು ಯಾವಾಗ? ಅಷ್ಟು ಹೇಳಿ. ಡಾಕ್ಟ್ರು ಕಾಯ್ತಿದಾರೆ."

*

ಆಸ್ಪತ್ರೆಯಲ್ಲಿ ಎಸ್‌ಐ ಎಲ್ಲರೆದುರು ಬಿಡಿಸಿ ಹೇಳಿದಳು. ವಿಷ ಹಾಕುವವನು ಕುಂಟು ವಾಸಿ ಮಾಡುವುದಿಲ್ಲ. ಅಜ್ಜ ಮರುಕದಿಂದ ತಮ್ಮ ಮಂಡಿನೋವಿನ ಮಾತ್ರೆ ಕೊಟ್ಟಿದ್ದರು. ಮನುಷ್ಯರ ನೋವಿನ ಮಾತ್ರೆ ನಾಯಿಗೆ ಒಗ್ಗುವುದಿಲ್ಲ, ತುರಿಕೆಯ ಮಾತ್ರೆಯ ಜೊತೆ ಸೇರಿದರಂತೂ ಹೊಟ್ಟೆಯನ್ನೇ ಕೊರೆಯುತ್ತದೆ ಎಂದಳು ಪಶುವೈದ್ಯೆ. ಇನ್ನು ಮುಂದೆ ವಾಂತಿಯೋ ಕಪ್ಪು ಮಲವೋ ಕಂಡರೆ ಮದ್ದು ನಿಲ್ಲಿಸಿ ಕೂಡಲೇ ತನಗೆ ತಿಳಿಸಬೇಕು. ವಿಷಯ ತಿಳಿದದ್ದರಿಂದ ಹುಣ್ಣಿಗೆ ಔಷಧಿ ಶುರುವಾಗಿದೆ, ಮೂತ್ರಪಿಂಡ ಕೆಡದಂತೆ ಡ್ರಿಪ್ ಓಡುತ್ತಿದೆ, ಬದುಕುವ ಆಸೆಯಿದೆ.

ಮಗ ದರ್ಜಿಯ ಎದುರು ತಲೆ ತಗ್ಗಿಸಿ ತಪ್ಪಾಯಿತೆಂದ. ದರ್ಜಿ ಅವನ ಹೆಗಲು ತಟ್ಟಿದ.

ಅಜ್ಜ ಮಾತ್ರ ಹೊಸಿಲು ದಾಟಲಿಲ್ಲ. ತಾನು ಹತ್ತಿರ ಹೋಗಬಹುದೇ ಎಂದು ಎಸ್‌ಐಯನ್ನು ಕೇಳಿದರು. ಅವಳು ಉತ್ತರಿಸುವ ಮೊದಲೇ ಮಗ ಪೋಲಿಯ ಪಕ್ಕ ಕುರ್ಚಿ ಎಳೆದು ಹಾಕಿದ. ತಂದೆಯ ತೋಳು ಹಿಡಿದು, ಮಂಡಿಗೆ ನೋವಾಗದಂತೆ ಮೆಲ್ಲಗೆ ಕೂರಿಸಿದ.